ಹೊಟ್ಟೆ ಹೊಲಿದಾಯ್ತು, ಫೋಟೋ ಎಲ್ಲಿ?

ಸರ್ಕಾರಿ ಆರೋಗ್ಯ ಕಾರ್ಡ್ ಇರುವ ಮನುಷ್ಯ ಎರಡು ಸಲ ಗುಣವಾಗಬೇಕು. ಒಂದು ಸಲ ಆಸ್ಪತ್ರೆಯ ಹಾಸಿಗೆಯ ಮೇಲೆ, ಇನ್ನೊಂದು ಸಲ ಬೆಂಗಳೂರಿನ ಕಂಪ್ಯೂಟರಿನೊಳಗೆ. ಮೊದಲನೆಯದು ಡಾಕ್ಟರ ಕೈಯಲ್ಲಿದೆ, ದೇವರ ಕೈಯಲ್ಲೂ ಒಂಚೂರು ಇದೆ. ಎರಡನೆಯದಕ್ಕೆ ಈ ಇಬ್ಬರ ಶಿಫಾರಸೂ ನಡೆಯುವುದಿಲ್ಲ.

ಯಲವಿಗಿಯ ಒಬ್ಬ ಕಾಕಾ ಎಂದಿಟ್ಟುಕೊಳ್ಳಿ. ಹೆಸರು ಬೇಡ, ಸವಣೂರು ತಾಲ್ಲೂಕಿನಲ್ಲಿ ಗೋವಿನ ಜೋಳ ಬಿತ್ತುವ ಯಾರನ್ನು ಹಿಡಿದರೂ ನಡೆಯುತ್ತದೆ. ನಡುರಾತ್ರಿ ಹೊಟ್ಟೆ ಹಿಡಿದುಕೊಂಡು ಒದ್ದಾಡಿದ. ಊರಿನಲ್ಲಿ ರೈಲು ನಿಲ್ದಾಣವೇನೋ ಉಂಟು. ಒಂದು ದಿಕ್ಕಿಗೆ ಹಾವೇರಿ, ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿ. ಆದರೆ ಹೊಟ್ಟೆನೋವು ರೈಲ್ವೆ ಟೈಮ್‌ಟೇಬಲ್ ನೋಡಿ ಬರುವುದಿಲ್ಲವಲ್ಲ. ಮಗ ಗಾಡಿ ಮಾಡಿಸಿ ಸಿಕ್ಕ ಆಸ್ಪತ್ರೆಗೆ ಹಾಕಿಕೊಂಡು ಹೋದ. ಕರುಳಿಗೆ ತೂತು ಬಿದ್ದಿದೆ ಎಂದರು. ಬೆಳಗಾಗುವುದರೊಳಗೆ ಹೊಟ್ಟೆ ತೆರೆದು ಹೊಲಿದರು. ಕಾರ್ಡ್ ಇತ್ತು, ಹಣ ಕೇಳಲಿಲ್ಲ. ಕಾಕಾ ಬದುಕಿದ, ಊರಿಗೆ ಬಂದ, ಮುಂದಿನ ಮುಂಗಾರಿಗೆ ಎಡೆ ಹೊಡೆಯುವಷ್ಟು ಗಟ್ಟಿಯಾದ.

ಅಷ್ಟರಲ್ಲಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಂದು ಕೆಂಪಕ್ಷರ ಮೂಡಿತು. ಡಾಕ್ಟರು ಬಿಲ್ಲಿಂಗ್ ಹುಡುಗನನ್ನು ಕರೆದರು.

"ಏನಾತೋ ತಮ್ಮಾ?"

"ರಿಜೆಕ್ಟ್ ಆತ್ರಿ ಸರ್. ಆಪರೇಶನ್ ಟೈಮಿನ್ಯಾಗ ತಗದ ಫೋಟೋ ಸ್ಪಷ್ಟ ಇಲ್ಲಂತ್ರಿ."

"ಹೊಟ್ಟಿ ತುಂಬ ಕೀವು ತುಂಬಿತ್ತು. ಅದರಾಗ ಕರುಳು ಹುಡುಕೂದ ಕಷ್ಟ ಇತ್ತು, ಫೋಟೋ ಎಲ್ಲಿ ಚಂದ ಬರ್ತೈತಿ?"

"ಅದ್ಕ ಇನ್ನೊಂದು ಕಾರಣಾನೂ ಹಾಕ್ಯಾರ್ರಿ. ಸರ್ಕಾರಿ ದವಾಖಾನಿ ರೆಫರಲ್ ಚೀಟಿ ಇಲ್ಲಂತ್ರಿ."

"ತುರ್ತು ಕೇಸಿಗೆ ರೆಫರಲ್ ಬೇಕಾಗಿಲ್ಲಲ್ಲೋ!"

"ಬೇಕಾಗಿಲ್ಲ ಅನ್ನೂದಕ್ಕ ಏನರೆ ಚೀಟಿ ಐತೇನ್ರಿ ಸರ್?"

ಆ ಹುಡುಗ ಮುಂದೆ ಬರುತ್ತಾನೆ ನೋಡಿ. ಇಲಾಖೆಯ ತರ್ಕವನ್ನು ಡಾಕ್ಟರಿಗಿಂತ ಮೊದಲು ಅವನು ಅರೆದು ಕುಡಿದಿದ್ದಾನೆ.

ಯೋಜನೆಯನ್ನೇ ಬೈಯಲು ನಾನು ಕೂತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಡವನ ಆಸ್ಪತ್ರೆ ಬಿಲ್ಲಿನ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮೊದಲೇ ಎದ್ದ ರಾಜ್ಯ. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ಸದಸ್ಯನಾದ ರೈತ ಕಟ್ಟಿದ್ದು ತಿಂಗಳಿಗೆ 5 ರೂಪಾಯಿ. ಆ ಕಾಲಕ್ಕೂ ಅದು ಎಲೆ ಅಡಿಕೆಯ ಖರ್ಚು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಬಿಪಿಎಲ್ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆ. ಅದು ಮೊದಲು ಇಳಿದದ್ದು ಉತ್ತರ ಕರ್ನಾಟಕಕ್ಕೆ. ಬೆಂಗಳೂರಿಗಿಂತ ಮುಂಚೆ ನಮಗೆ ಬಂದ ಸರ್ಕಾರಿ ವಸ್ತುಗಳ ಪಟ್ಟಿ ಮಾಡಿದರೆ ಇದೊಂದು ಹೆಸರು ಖಂಡಿತ ಇರುತ್ತದೆ. ಯೋಜನೆ ಬಂದಿದ್ದ 300 ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದಿದ್ದ 272 ಹಳ್ಳಿಗಳನ್ನೂ ಹೋಲಿಸಿ ನೋಡಿದ ಸಂಶೋಧಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು: ಯೋಜನೆಯಡಿ ಚಿಕಿತ್ಸೆ ಇದ್ದ ಕಾಯಿಲೆಗಳಿಂದಾದ ಸಾವು, ಯೋಜನೆ ಬಂದ ಹಳ್ಳಿಗಳ ಬಡವರಲ್ಲಿ ಶೇಕಡಾ 64ರಷ್ಟು ಕಡಿಮೆ. ಜಾತ್ರೆಯ ಭಾಷಣದಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲ, ಲೆಕ್ಕ ಹಾಕಿ ಹೇಳಿದ್ದರಿಂದ ನಂಬಲೇಬೇಕು.

ಆಮೇಲೆ 2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ. ಅದೇ ವರ್ಷ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಪ್ರಧಾನಿಯವರಿಂದ ಆಯುಷ್ಮಾನ್ ಭಾರತ್. ಒಂದೇ ರೋಗಿಗೆ ಇಬ್ಬರು ದಾನಿಗಳಾದಾಗ ಫಲಕದ ಮೇಲೆ ಯಾರ ಫೋಟೋ ದೊಡ್ಡದು ಎಂಬ ಪ್ರಶ್ನೆ ಏಳುತ್ತದೆ. ಅದು ಅಕ್ಟೋಬರ್ 30ಕ್ಕೆ ಎರಡೂ ಹೆಸರು ಕೂಡಿಸಿ ಒಂದು ಉದ್ದನೆಯ ಹೆಸರಿಟ್ಟು ಬಗೆಹರಿಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಸುಮಾರು 1,650 ಚಿಕಿತ್ಸೆಗಳ ಪಟ್ಟಿ. ಸಣ್ಣದೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ. ದೊಡ್ಡದಕ್ಕೆ ಅಲ್ಲಿಂದ ಚೀಟಿ ತಂದು ಖಾಸಗಿಗೆ. ಜೀವ ಹೋಗುವ ತುರ್ತಿಗೆ ಚೀಟಿಯಿಲ್ಲದೆ ನೇರ.

ವಿಮೆ ವಿಮೆ ಎನ್ನುತ್ತೇವೆಯೇ ಹೊರತು ನಮ್ಮಲ್ಲಿ ನಡುವೆ ವಿಮಾ ಕಂಪನಿ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರ್ಕಾರದ್ದೇ ಸಂಸ್ಥೆ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ, ಬಿಲ್ಲು ಪರಿಶೀಲಿಸುತ್ತದೆ, ಹಣ ಕೊಡುತ್ತದೆ, ಇಲ್ಲವೆ ಕೊಡುವುದಿಲ್ಲ ಎನ್ನುತ್ತದೆ. ಲಾಭಕೋರ ಕಂಪನಿ ಇಲ್ಲದಿರುವುದು ಒಳ್ಳೆಯದೇ. ಆದರೆ ಜಗಳ ಬಿದ್ದಾಗ ಎದುರಿಗೆ ನಿಲ್ಲುವವನೂ ನಡುವೆ ಕೂತು ನ್ಯಾಯ ಹೇಳುವವನೂ ಒಂದೇ ಪಟಗ ಸುತ್ತಿಕೊಂಡಿರುತ್ತಾನೆ. ಅದರ ಕಥೆ ಮುಂದಿದೆ.

ಈಗ ಕಾಕಾನ ಬಿಲ್ಲು ಎಲ್ಲೆಲ್ಲಿ ಹಾಯ್ದು ಹೋಗುತ್ತದೆ ನೋಡೋಣ. ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕನಾದ ಆರೋಗ್ಯಮಿತ್ರನು ಕಾರ್ಡ್ ನೋಡಿ, ಬೆರಳಚ್ಚು ಪಡೆದು ದಾಖಲು ಮಾಡಿಸುತ್ತಾನೆ. ಮುಂಗಡ ಅನುಮತಿಗೆ ಕಾಗದ ಹೋಗುತ್ತದೆ; ಅಲ್ಲೊಬ್ಬ ಡಾಕ್ಟರು ಅದನ್ನು ನೋಡಿ 6 ಗಂಟೆಯೊಳಗೆ ಹೇಳಬೇಕು ಎನ್ನುತ್ತದೆ ರಾಷ್ಟ್ರೀಯ ನಿಯಮ. ರೋಗಿ ಮನೆಗೆ ಹೋದ ಮೇಲೆ ಕ್ಲೇಮ್ ಏರುತ್ತದೆ. ಅದನ್ನು ಮೊದಲು ಕಾಗದ ಎಣಿಸುವ ಕಾರ್ಯನಿರ್ವಾಹಕ ನೋಡುತ್ತಾನೆ, ಆಮೇಲೆ ಕ್ಲೇಮ್ ಪ್ಯಾನೆಲ್ ಡಾಕ್ಟರು, ಆಮೇಲೆ ಲೆಕ್ಕಾಧಿಕಾರಿ, ಕೊನೆಗೆ ರಾಜ್ಯ ಆರೋಗ್ಯ ಸಂಸ್ಥೆ, ನಮ್ಮಲ್ಲಿ ಅದು ಈ ಟ್ರಸ್ಟೇ. ಕಾಕಾನ ಹೊಟ್ಟೆಯನ್ನು ಒಬ್ಬ ಸರ್ಜನ್ ನೋಡಿದ. ಹೊಟ್ಟೆಯ ಕಾಗದವನ್ನು ನಾಲ್ಕು ಜನ ನೋಡುತ್ತಾರೆ. ಅವರಲ್ಲಿ ಯಾರೂ ಕಾಕಾನನ್ನು ನೋಡುವುದಿಲ್ಲ, ನೋಡುವ ಅಗತ್ಯವೂ ಇಲ್ಲ. ಅವರಿಗೆ ಬೇಕಿರುವುದು ಕೇಸ್ ಶೀಟ್, ಆಪರೇಶನ್ ಟಿಪ್ಪಣಿ, ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಹಾಸಿಗೆಯ ಮೇಲೆ ಮಲಗಿದ ಫೋಟೋ, ಹೊಲಿಗೆಯ ಫೋಟೋ, ಸ್ಟೆಂಟೋ ರಾಡೋ ಹಾಕಿದ್ದರೆ ಅದರ ಬಾರ್‌ಕೋಡು.

ಎಲ್ಲ ದಾಖಲೆ ಕೈಸೇರಿದ ಮೇಲೆ 15 ದಿನಕ್ಕೆ ಹಣ ಕೊಡಬೇಕು ಎಂದು ಕಟ್ಟಳೆ. ಈ ವಾಕ್ಯದಲ್ಲಿ ಜೀವ ಇರುವುದು 15ರಲ್ಲಿ ಎಂದು ಆಸ್ಪತ್ರೆಯವರು ತಿಳಿದಿರುತ್ತಾರೆ. ಅನುಭವವಾದ ಮೇಲೆ ಗೊತ್ತಾಗುತ್ತದೆ, ಜೀವ ಇರುವುದು 'ಎಲ್ಲ'ದಲ್ಲಿ. ಎಲ್ಲ ಬಂತೋ ಇಲ್ಲವೋ ಹೇಳುವವರು ಅವರೇ. ಹದಿನಾಲ್ಕನೇ ದಿನ ಒಂದು ಕ್ವೆರಿ ಬಿಟ್ಟರೆ ಸಾಕು, ಎಲ್ಲ ಇನ್ನೂ ಬಂದಿಲ್ಲ ಎಂದಾಯಿತು. ಕ್ವೆರಿಗೆ ಉತ್ತರ ಕೊಟ್ಟರೆ ಆ ಉತ್ತರದ ಮೇಲೊಂದು ಕ್ವೆರಿ. ಹುಡುಗ ಸ್ಕ್ಯಾನ್ ಮಾಡಿದ ಪುಟ ಓರೆಯಾಗಿದ್ದರೆ ಒಂದು, ಹೆಸರಿನಲ್ಲಿ ಆಧಾರಿಗೂ ರೇಷನ್ ಕಾರ್ಡಿಗೂ ಒಂದಕ್ಷರ ಹೆಚ್ಚುಕಡಿಮೆಯಾಗಿದ್ದರೆ ಇನ್ನೊಂದು. ನಮ್ಮ ಕಡೆ ಆಧಾರಿನಲ್ಲಿ ಅಪ್ಪನ ಹೆಸರಿನ ಮುಂದೆ ಊರ ಹೆಸರಿದ್ದರೆ, ರೇಷನ್ ಕಾರ್ಡಿನಲ್ಲಿ ಮನೆತನದ ಹೆಸರಿರುತ್ತದೆ, ಹೊಲದ ಉತಾರದಲ್ಲಿ ಅಜ್ಜನ ಹೆಸರೇ ಇನ್ನೂ ಕೂತಿರುತ್ತದೆ. ಮೂರೂ ಹೆಸರಿನವನು ಒಬ್ಬನೇ ಎಂದು ಇಡೀ ಊರಿಗೆ ಗೊತ್ತು, ಊರು ಮಾತ್ರ ಸಾಫ್ಟ್‌ವೇರಿನಲ್ಲಿಲ್ಲ. ಸವಣೂರಿನ ಎಲೆ ಪ್ಯಾಟಿಯಲ್ಲಿ ಒಂದು ಹರಕು ಎಲೆ ತೋರಿಸಿ ಇಡೀ ಕಟ್ಟನ್ನೇ ವಾಪಸು ಒಗೆಯುವ ಜಿಗುಟು ಗಿರಾಕಿ ಇರುತ್ತಾನಲ್ಲ, ಅವನಿಗೆ ಒಂದು ಲಾಗಿನ್ ಐಡಿ ಕೊಟ್ಟರೆ ಹೀಗೇ ಆಗುತ್ತದೆ.

ಹಾಗಂತ ಗಿರಾಕಿಯ ಅನುಮಾನ ಸುಳ್ಳೇ? ಅಲ್ಲ. ಭಾರತದ ಮಹಾಲೇಖಪಾಲರು 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದಿಟ್ಟ ಆಯುಷ್ಮಾನ್ ವರದಿ ಓದಿದರೆ ಯಾರಿಗೂ ಅನುಮಾನ ಬರಬೇಕು. ಅದರ ಪ್ರಕಾರ ಸುಮಾರು 7.49 ಲಕ್ಷ ಫಲಾನುಭವಿಗಳಿಗೆ ಒಂದೇ ಮೊಬೈಲ್ ನಂಬರು: ಸಾಲಾಗಿ ಹತ್ತು ಒಂಬತ್ತು. ಸತ್ತರೆಂದು ಅದೇ ದಾಖಲೆಯಲ್ಲಿ ತೋರಿಸಿದ್ದ 3,446 ರೋಗಿಗಳ ಮುಂದಿನ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿ. ಸತ್ತವರು ಎದ್ದು ಬಂದು ಅಡ್ಮಿಟ್ ಆಗಿ, ಗುಣವಾಗಿ, ಬಿಲ್ಲು ಪಾಸು ಮಾಡಿಸಿಕೊಂಡಿದ್ದಾರೆ. ನಮ್ಮ ಜಿಲ್ಲೆಯಲ್ಲೇ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನೂರಾರು ಹೆಣ್ಣುಮಕ್ಕಳ ಗರ್ಭಕೋಶವನ್ನು ಬೇಕಿಲ್ಲದೆ ತೆಗೆದರೆಂಬ ಆರೋಪ ಕೇಳಿಬಂದು ಆ ಹೆಣ್ಣುಮಕ್ಕಳೇ ಬೀದಿಗೆ ಇಳಿದದ್ದು ಯಾರೂ ಮರೆತಿಲ್ಲ. ಅದು ವಿಮೆಯ ಕಥೆಯಲ್ಲ, ಆದರೆ ಬಿಳಿ ಕೋಟಿನೊಳಗೆ ಯಾರಿರುತ್ತಾರೆ ಎಂದು ತಡಕಿ ನೋಡುವುದು ತಪ್ಪಲ್ಲ ಎಂಬುದಕ್ಕೆ ಸಾಕ್ಷಿ. ತಪಾಸಣೆ ಬೇಕು, ಗಟ್ಟಿಯಾಗಿಯೇ ಬೇಕು.

ನನ್ನ ತಕರಾರು ಇಷ್ಟೇ: ಹತ್ತು ಒಂಬತ್ತನ್ನು ದಾಟಿಸಿದ ಅದೇ ವ್ಯವಸ್ಥೆ ಕಾಕಾನ ಮಸುಕು ಫೋಟೋವನ್ನು ತಡೆದು ನಿಲ್ಲಿಸಿತು. ಕಳ್ಳನ ಕಾಗದ ಯಾವಾಗಲೂ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅವನಿಗೆ ಮಾಡಲು ಬೇರೆ ಕೆಲಸವಿಲ್ಲ. ರಾತ್ರಿ ಹೊಟ್ಟೆ ಹೊಲಿಯುವವನ ಕಾಗದದಲ್ಲಿ ಕಲೆ ಇರುತ್ತದೆ. ಕಾಗದ ನೋಡಿಯೇ ಕಳ್ಳನನ್ನು ಹಿಡಿಯುತ್ತೇನೆಂದು ಹೊರಟವನಿಗೆ ಸಿಗುವುದು ಸುಸ್ತಾದ ಡಾಕ್ಟರು.

ತಿರಸ್ಕಾರವಾಯಿತು. ಇನ್ನು ಮೇಲ್ಮನವಿ. ಬರೆಯುವುದು ಹೇಗೆ?

ಮೇಲ್ಮನವಿ ಸಾಹಿತ್ಯದಲ್ಲಿ ಮೂರು ಪಂಥಗಳಿವೆ. ಮೊದಲನೆಯದು ಭಕ್ತಿ ಪಂಥ. "ಘನತೆವೆತ್ತ ತಾವು ದಯಾಪರರಾಗಿ ನಮ್ಮ ಬಡ ಆಸ್ಪತ್ರೆಯ ಮೇಲೆ ಕೃಪಾದೃಷ್ಟಿ ಬೀರಿ" ಎಂದು ಆರಂಭವಾಗಿ "ತಮ್ಮ ವಿಧೇಯ"ದಲ್ಲಿ ಮುಗಿಯುತ್ತದೆ. ನಡುವೆ ಕೇಸಿನ ನಂಬರು ಬರೆಯುವುದನ್ನು ಮರೆತಿರುತ್ತಾರೆ. ಇಂಥ ಪತ್ರಕ್ಕೆ ಉತ್ತರ ಬರುವುದಿಲ್ಲ, ದೇವರಿಂದಲೂ ಹೆಚ್ಚಾಗಿ ಬರುವುದಿಲ್ಲ.

ಎರಡನೆಯದು ಬಂಡಾಯ. "ನಾವೇನು ಕಳ್ಳರೇ? ನಡುರಾತ್ರಿ ಎದ್ದು ಬಂದು ಜೀವ ಉಳಿಸಿದ್ದಕ್ಕೆ ಇದೇನಾ ಬಹುಮಾನ?" ಎಂಬ ದನಿ. ಡಾಕ್ಟರು ಸಿಟ್ಟಿನಲ್ಲಿ ತಾವೇ ಟೈಪು ಮಾಡಿ, ಮಂತ್ರಿಗೊಂದು ಪ್ರತಿ, ಪತ್ರಿಕೆಗೊಂದು ಪ್ರತಿ ಕಳಿಸುತ್ತಾರೆ. ಇದರ ಪರಿಣಾಮ ಬೇಗ ಕಾಣುತ್ತದೆ: ಆಸ್ಪತ್ರೆಗೆ ತಪಾಸಣಾ ತಂಡ ಬರುತ್ತದೆ.

ಮೂರನೆಯದು ಶಾಸನ ಪಂಥ. ಹಾನಗಲ್ಲು ಸೀಮೆಯ ಕಲ್ಲುಗಳಲ್ಲಿ ಇರುವಂತೆ ತಿಥಿ, ವಾರ, ಯಾರು, ಯಾರಿಗೆ, ಎಷ್ಟು, ಸಾಕ್ಷಿ ಯಾರು, ಅಷ್ಟೇ. ರೋಗಿ ಬಂದ ಹೊತ್ತು ಇದು. ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಕಂಡಿದೆ, ಪ್ರತಿ ಇಟ್ಟಿದೆ. ಹಾಗಾಗಿ ಇದು ತುರ್ತು, ರೆಫರಲ್ ಬೇಡ. ಪ್ಯಾಕೇಜ್ ಕೋಡ್ ಇದು. ಈ ಕೋಡಿಗೆ ಪ್ರಮಾಣಿತ ಚಿಕಿತ್ಸಾ ಮಾರ್ಗಸೂಚಿ ಕೇಳುವ ಕಡ್ಡಾಯ ದಾಖಲೆಗಳು ಇಂತಿಂಥವು. ಒಂದೊಂದನ್ನೂ ಏರಿಸಿದ ದಿನ ಇದು. ತಮ್ಮ ಕ್ವೆರಿ ಬಂದ ದಿನ, ನಮ್ಮ ಉತ್ತರ ಹೋದ ದಿನ ಇವು. ತಿರಸ್ಕಾರಕ್ಕೆ ಕೊಟ್ಟ ಕಾರಣ ಮಾರ್ಗಸೂಚಿಯ ಯಾವ ಸಾಲಿನಲ್ಲಿದೆ ತೋರಿಸಬೇಕು. ಒಂದು ವಿಶೇಷಣವಿಲ್ಲ, ಒಂದು ನಿಟ್ಟುಸಿರಿಲ್ಲ. ಓದಿದರೆ ನಿದ್ದೆ ಬರಬೇಕು. ಗೆಲ್ಲುವುದೇನಾದರೂ ಇದ್ದರೆ ಈ ಪಂಥವೇ. ತೊಂದರೆ ಏನೆಂದರೆ ಇದನ್ನು ಬರೆಯುವುದಕ್ಕೆ ಅದೇ ಕೆಲಸಕ್ಕೆಂದು ಒಬ್ಬ ಮನುಷ್ಯ ಬೇಕು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೊಂದು ವಿಭಾಗವೇ ಇರುತ್ತದೆ, ಏಸಿ ಇರುತ್ತದೆ. ತಾಲ್ಲೂಕಿನ ಸಣ್ಣ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಹುಡುಗನೇ ಔಷಧಿ ಅಂಗಡಿಯಲ್ಲೂ ಕೂರಬೇಕು, ಕರೆಂಟು ಹೋದಾಗ ಜನರೇಟರನ್ನೂ ಅವನೇ ಶುರು ಮಾಡಬೇಕು. ಹೀಗೆ, ನಿಜವಾಗಿ ಚಿಕಿತ್ಸೆ ಕೊಟ್ಟವನಿಗಿಂತ ಚೆನ್ನಾಗಿ ಕಾಗದ ಬರೆದವನಿಗೆ ಹಣ ಬೇಗ ಸಿಗುತ್ತದೆ.

ಪತ್ರ ಬರೆದಾಯಿತು. ಯಾರಿಗೆ ಕೊಡಬೇಕು? ಇಲ್ಲಿಂದ ಮೆಟ್ಟಿಲು ಶುರು. ಮೊದಲು ತಿರಸ್ಕರಿಸಿದವರಿಗೇ ಮರುಪರಿಶೀಲನೆಗೆ ಕೈಮುಗಿಯುವುದು. ಬಗೆಹರಿಯದಿದ್ದರೆ ಜಿಲ್ಲಾ ಕುಂದುಕೊರತೆ ಸಮಿತಿ. ರಾಷ್ಟ್ರೀಯ ಮಾರ್ಗಸೂಚಿಯಂತೆ ಅದರ ಗಾದಿ ಜಿಲ್ಲಾಧಿಕಾರಿಯವರದು, ಇಲ್ಲವೆ ಅವರ ಕೆಳಗಿನ ಹಿರಿಯ ಅಧಿಕಾರಿಯದು. ತೀರ್ಮಾನಕ್ಕೆ 30 ದಿನ. ಹಾವೇರಿಯಂಥ ಜಿಲ್ಲೆಯ ಜಿಲ್ಲಾಧಿಕಾರಿಯ ಒಂದು ವಾರ ಊಹಿಸಿಕೊಳ್ಳಿ. ವರದೆ ತುಂಗಭದ್ರೆ ಏರಿದರೆ ಅಲ್ಲಿಗೆ ಓಡಬೇಕು, ಬೆಳೆ ಹಾನಿ ಸಮೀಕ್ಷೆ ಆಗಬೇಕು, ಗೊಬ್ಬರದ ಅಂಗಡಿ ಮುಂದಿನ ಸಾಲು ಕರಗಬೇಕು, ಮಂತ್ರಿಗಳು ಬರುತ್ತಾರೆ, ಎರಡು ಜಯಂತಿಗಳ ಪೂರ್ವಭಾವಿ ಸಭೆ ಇದೆ. ಇವೆಲ್ಲ ಮುಗಿದ ಸಂಜೆ ಅವರ ಮುಂದೆ ಕಾಕಾನ ಕರುಳಿನ ಫೋಟೋ ಇಡುತ್ತಾರೆ. ಅವರಾದರೂ ಏನು ಮಾಡಬೇಕು? ಪಕ್ಕದಲ್ಲಿ ಕೂತ ಆರೋಗ್ಯ ಇಲಾಖೆಯವರ ಮುಖ ನೋಡುತ್ತಾರೆ. ಇಲಾಖೆಯವರು ಟ್ರಸ್ಟಿನ ಕಾಗದ ನೋಡುತ್ತಾರೆ. ಟ್ರಸ್ಟಿನ ಕಾಗದದಲ್ಲಿ ಫೋಟೋ ಸ್ಪಷ್ಟವಿಲ್ಲ ಎಂದಿದೆ. ಫೋಟೋ ನೋಡುತ್ತಾರೆ. ನಿಜವಾಗಿಯೂ ಸ್ಪಷ್ಟವಿಲ್ಲ.

ಅಲ್ಲಿ ಸೋತರೆ 30 ದಿನದೊಳಗೆ ರಾಜ್ಯ ಸಮಿತಿ. ಅದರ ಅಧ್ಯಕ್ಷರು ಯಾರು? ರಾಜ್ಯ ಆರೋಗ್ಯ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರು. ಅಂದರೆ, ಬಿಲ್ಲು ಕೊಡುವುದಿಲ್ಲ ಎಂದ ಮನೆಯ ಯಜಮಾನರೇ. ಸೊಸೆಯ ದೂರು ಕೇಳಲು ಅತ್ತೆಯ ಅಧ್ಯಕ್ಷತೆಯಲ್ಲಿ ಸಮಿತಿ! ಅಲ್ಲೂ ಆಗದಿದ್ದರೆ ದೆಹಲಿಯಲ್ಲಿ ರಾಷ್ಟ್ರೀಯ ಸಮಿತಿ. ಅದಕ್ಕೆ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಮುಖ್ಯಸ್ಥರು. ಅದು ಅಜ್ಜಿ.

ಕೊನೆಗೆ ಕೋರ್ಟು. ನಮ್ಮ ಅದೃಷ್ಟಕ್ಕೆ ಹೈಕೋರ್ಟಿನ ಧಾರವಾಡ ಪೀಠ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆಗಿದೆ, ಬೆಂಗಳೂರಿನವರೆಗೆ ಓಡಬೇಕಿಲ್ಲ. ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿ ದಾಟಿದರೆ ಧಾರವಾಡ. ವಕೀಲರು ಕಡತ ನೋಡಿ ಕೇಸು ಗಟ್ಟಿಯಾಗಿದೆ ಎನ್ನುತ್ತಾರೆ. ಅವರ ಫೀ ಕೂಡ ಗಟ್ಟಿಯಾಗಿಯೇ ಇರುತ್ತದೆ. ಡಾಕ್ಟರು ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡುತ್ತಾರೆ: ಬರಬೇಕಾದ ಹಣಕ್ಕಿಂತ ತರಿಸಿಕೊಳ್ಳುವ ಖರ್ಚು ದೊಡ್ಡದು.

"ಬಿಟ್ಟಬಿಡೋ ತಮ್ಮಾ" ಎನ್ನುತ್ತಾರೆ.

"ಏನಂತ ಬರೀಲ್ರಿ ಸರ್?"

"ಏನೂ ಬರೀಬ್ಯಾಡ."

ಈ "ಏನೂ ಬರೀಬ್ಯಾಡ" ಎಂಬ ಮಾತಿನ ಮೇಲೆ ಇಡೀ ತಿರಸ್ಕಾರ ಶಾಸ್ತ್ರ ನಿಂತಿದೆ. ನಾನು ಊಹಿಸಿ ಹೇಳುತ್ತಿಲ್ಲ, ಅಮೆರಿಕದವರು ಲೆಕ್ಕ ಹಾಕಿಟ್ಟಿದ್ದಾರೆ. ಅಲ್ಲಿ ಮುದುಕರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಅದರ ಒಂದು ಭಾಗವನ್ನು ಸರ್ಕಾರದ ದುಡ್ಡಿನಲ್ಲಿ ಖಾಸಗಿ ಕಂಪನಿಗಳು ನಡೆಸುತ್ತವೆ. ಅಲ್ಲಿನ ಆರೋಗ್ಯ ಇಲಾಖೆಯ ತನಿಖಾ ಕಚೇರಿ 2018ರ ಸೆಪ್ಟೆಂಬರಿನಲ್ಲಿ ಹೊರಹಾಕಿದ ವರದಿ ಹೇಳುತ್ತದೆ: 2014ರಿಂದ 2016ರವರೆಗೆ ಮೇಲ್ಮನವಿ ಬಂದಾಗ ಈ ಕಂಪನಿಗಳು ತಾವೇ ಕೊಟ್ಟ ತಿರಸ್ಕಾರಗಳಲ್ಲಿ ಶೇಕಡಾ 75ನ್ನು ತಾವೇ ತಿರುಗಿಸಿದವು. ನಾಲ್ಕರಲ್ಲಿ ಮೂರು "ಇಲ್ಲ"ಗಳು ಕೇಳಿದೊಡನೆ "ಹೌದು" ಆದವು. ಹಾಗಾದರೆ ಕೇಳಿದವರು ಎಷ್ಟು ಮಂದಿ? ಒಟ್ಟು ತಿರಸ್ಕಾರಗಳಲ್ಲಿ ಮೇಲ್ಮನವಿ ಕಂಡದ್ದು ಶೇಕಡಾ 1. ಉಳಿದ 99ಕ್ಕೆ ರೋಗಿಯೋ ಆಸ್ಪತ್ರೆಯೋ "ಏನೂ ಬರೀಬ್ಯಾಡ" ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಗಿದ್ದಾರೆ.

ಮೆಡಿಕೇರಿನಲ್ಲಿ ಮೇಲ್ಮನವಿಗೆ ಐದು ಮೆಟ್ಟಿಲು. ಮೂರನೆಯದರಲ್ಲಿ ಒಬ್ಬ ನ್ಯಾಯಾಧೀಶ ಕೂತು 90 ದಿನದಲ್ಲಿ ತೀರ್ಪು ಕೊಡಬೇಕೆಂದು ಕಾನೂನಿದೆ. ಅರ್ಜಿಗಳು ಲಕ್ಷಗಟ್ಟಲೆ ರಾಶಿ ಬಿದ್ದು ಕಾಯುವ ಅವಧಿ ಸಾವಿರ ದಿನ ದಾಟಿತು. ಅಲ್ಲಿನ ಆಸ್ಪತ್ರೆಗಳ ಸಂಘ 2014ರಲ್ಲಿ ಸರ್ಕಾರವನ್ನೇ ಕೋರ್ಟಿಗೆ ಎಳೆಯಿತು. 2018ರ ನವೆಂಬರಿನಲ್ಲಿ ನ್ಯಾಯಾಲಯ, ಈ ರಾಶಿಯನ್ನು ವರ್ಷಕ್ಕಿಷ್ಟೆಂದು ಕರಗಿಸಿ 2022ರ ಹಣಕಾಸು ವರ್ಷದೊಳಗೆ ಖಾಲಿ ಮಾಡಿ ಎಂದು ಆದೇಶಿಸಿತು. ಅಮೆರಿಕವೆಂದರೆ ಎಲ್ಲ ಸರಿ ಎಂದು ತಿಳಿದವರಿಗೆ ಇದು ನಿರಾಸೆ; ಅಲ್ಲಿಯೂ ನಮ್ಮಂತೆಯೇ ಎಂದು ಸಮಾಧಾನಪಡುವವರಿಗೂ ನಿರಾಸೆ. ಏಕೆಂದರೆ ಅಲ್ಲಿ ಮೂರನೇ ಮೆಟ್ಟಿಲಲ್ಲಿ ಕೂತವನು ಬಿಲ್ಲು ತಿರಸ್ಕರಿಸಿದ ಕಚೇರಿಯವನಲ್ಲ, ಮತ್ತು ಎಷ್ಟು ಅರ್ಜಿ ಬಂದವು, ಎಷ್ಟು ತಿರುಗಿದವು ಎಂಬ ಲೆಕ್ಕ ಹೊರಗೆ ಬಂತು. ರೋಗ ಇಲ್ಲೂ ಇದೆ, ಅಲ್ಲೂ ಇದೆ. ಅಲ್ಲಿ ರಿಪೋರ್ಟ್ ರೋಗಿಯ ಕೈಗೆ ಕೊಟ್ಟಿದ್ದಾರೆ.

ಈಗ ನೀವು ಕೇಳಬಹುದು, ಡಾಕ್ಟರಿಗೆ ಹಣ ಬರಲಿಲ್ಲ, ಅದಕ್ಕೆ ಕಾಕಾ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಡಾಕ್ಟರು ಕಾರಿನಲ್ಲಿ ಓಡಾಡುವವರು. ಸರಿ, ಡಾಕ್ಟರ ಕಣ್ಣೀರನ್ನು ನಾವು ಒರೆಸುವುದು ಬೇಡ. ಆದರೆ ಮುಳುಗಿದ ಬಿಲ್ಲು ಎಲ್ಲಿಯೋ ಒಂದು ಕಡೆ ಏಳಲೇಬೇಕು. ಎರಡು ಸಲ ಕೈ ಸುಟ್ಟುಕೊಂಡ ಆಸ್ಪತ್ರೆ ಮೂರನೇ ಸಲ ಕಾಕಾನ ಕಾರ್ಡ್ ಕಂಡೊಡನೆ ಬಲು ವಿನಯದಿಂದ ಮಾತಾಡುತ್ತದೆ. "ಬೆಡ್ ಖಾಲಿ ಇಲ್ರಿ ಕಾಕಾ." "ಸರ್ಜನ್ ಊರಾಗ ಇಲ್ರಿ." "ಸರ್ವರ್ ಡೌನ್ ಐತ್ರಿ, ಈಗ ಕ್ಯಾಶ್ ಕಟ್ರಿ, ಆಮ್ಯಾಲೆ ನೋಡೂಣು." ಇದರಲ್ಲಿ ಒಂದಕ್ಕೂ ರಸೀದಿ ಇರುವುದಿಲ್ಲ, ಹಾಗಾಗಿ ಒಂದರ ಮೇಲೂ ಮೇಲ್ಮನವಿ ಇಲ್ಲ. ಇನ್ನು ಕೆಲವರು ಬಹಿರಂಗವಾಗಿಯೇ ಬಾಗಿಲು ಹಾಕುತ್ತಾರೆ. ಹರಿಯಾಣದ ಖಾಸಗಿ ಆಸ್ಪತ್ರೆಗಳು ಬಾಕಿ ಬರಲಿಲ್ಲವೆಂದು 2025ರ ಆಗಸ್ಟಿನಲ್ಲಿ ಆಯುಷ್ಮಾನ್ ಚಿಕಿತ್ಸೆ ನಿಲ್ಲಿಸಿದ್ದು ಹಾಗೆ. ಇಂಥ ನಿಲುಗಡೆಯಲ್ಲಿ ದೊಡ್ಡ ಆಸ್ಪತ್ರೆಗೆ ಬಡ್ಡಿ ನಷ್ಟ, ಸಣ್ಣದಕ್ಕೆ ಸಂಬಳದ ಚಿಂತೆ, ರೋಗಿಗೆ ಊರು ಬಿಟ್ಟು ಊರು. ಸವಣೂರಿನಿಂದ ಹಾವೇರಿ, ಹಾವೇರಿಯಿಂದ ಹುಬ್ಬಳ್ಳಿ, ಅಲ್ಲಿಯ ಸರ್ಕಾರಿ ಮೆಡಿಕಲ್ ಕಾಲೇಜಿನ ವರಾಂಡ. ಮೊದಲ ಆಸ್ಪತ್ರೆಯಲ್ಲೇ ಮುಗಿಯಬಹುದಾಗಿದ್ದ ಕೆಲಸಕ್ಕೆ ಕಾಕಾ ಮೂರು ಊರಿನ ಗಾಳಿ ಕುಡಿಯಬೇಕು.

ಕಾಕಾನಿಗೆ ಇದು ಹೊಸದೂ ಅಲ್ಲ. ಬೆಳೆ ವಿಮೆಯಲ್ಲಿ ಅವನು ಈ ಪಾಠ ಓದಿದ್ದಾನೆ. ಅವನ ಹೊಲದ ಗೋವಿನ ಜೋಳ ನೀರಿನಲ್ಲಿ ಕೊಳೆತಿರುತ್ತದೆ. ಪರಿಹಾರದ ಲೆಕ್ಕ ಮಾತ್ರ ಬಹುಪಾಲು ಇಡೀ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ಸರಾಸರಿ ಚೆನ್ನಾಗಿದ್ದರೆ ಅವನ ಬೆಳೆಯೂ ಚೆನ್ನಾಗಿದೆ. ಕಣ್ಣೆದುರಿಗೆ ಕೊಳೆತ ತೆನೆ ಸುಳ್ಳು, ಕಾಗದದ ಮೇಲಿನ ತೆನೆ ನಿಜ ಎಂದು ಒಪ್ಪಿಕೊಂಡವನಿಗೆ, ಹೊಟ್ಟೆಯ ಮೇಲಿನ ಹೊಲಿಗೆ ಸುಳ್ಳು, ಫೋಟೋ ಸ್ಪಷ್ಟವಿಲ್ಲದಿರುವುದು ನಿಜ ಎಂದು ಒಪ್ಪಿಕೊಳ್ಳುವುದು ಎಷ್ಟರ ಮಾತು?

ಆದರೂ ಈ ಮೇಲ್ಮನವಿಯಲ್ಲಿ ಒಂದು ವಿಚಿತ್ರವಿದೆ. ಬೆಳೆ ವಿಮೆಯಲ್ಲಿ ಕಾಕಾನಿಗೆ ಜಗಳವಾಡುವ ಹಕ್ಕಾದರೂ ಉಂಟು, ಹೊಲ ಅವನದು. ಇಲ್ಲಿ ಹೊಟ್ಟೆ ಅವನದು, ಜಗಳ ಆಸ್ಪತ್ರೆಗೂ ಟ್ರಸ್ಟಿಗೂ. ಅವನ ಬಿಲ್ಲು ತಿರಸ್ಕಾರವಾದದ್ದು ಅವನಿಗೆ ತಿಳಿಸುವವರೂ ಇಲ್ಲ. ನೀವು ಬದುಕಿದ್ದೀರಾ, ಹೊಟ್ಟೆಯ ಮೇಲೆ ಗಾಯದ ಗುರುತಿದೆಯೇ ಎಂದು 104ರಿಂದಲೋ 14555ರಿಂದಲೋ ಒಂದು ಫೋನು ಮಾಡಿ ಕೇಳಿದ್ದರೆ ಅಂಗಿ ಎತ್ತಿ ತೋರಿಸುತ್ತಿದ್ದ. ಯೋಜನೆಯ ಅತಿ ಅಗ್ಗದ, ಅತಿ ನಂಬಿಗಸ್ತ ತಪಾಸಣಾಧಿಕಾರಿ ಯಲವಿಗಿಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದಾನೆ, ಅವನನ್ನು ಬಿಟ್ಟು ಉಳಿದವರೆಲ್ಲ ಫೋಟೋ ಹಿಗ್ಗಿಸಿ ನೋಡುತ್ತಿದ್ದಾರೆ.

ಹಾಗಾದರೆ ಮಾಡಬೇಕಾದ್ದೇನು? ಕ್ರಾಂತಿ ಬೇಡ, ನಾಲ್ಕು ಸಾಲಿನ ಸುತ್ತೋಲೆ ಸಾಕು. ತಿರಸ್ಕರಿಸುವವರು ಯಾವ ದಾಖಲೆ, ಮಾರ್ಗಸೂಚಿಯ ಯಾವ ಅಂಶದ ಪ್ರಕಾರ ಕಡಿಮೆ ಬಿದ್ದಿದೆ ಎಂದು ಬರೆದು, ಕೆಳಗೆ ತಮ್ಮ ಹೆಸರು ಹಾಕಲಿ. "ಸ್ಪಷ್ಟವಿಲ್ಲ" ಎಂಬ ಅಸ್ಪಷ್ಟ ಪದ ನಿಷಿದ್ಧವಾಗಲಿ. ಕ್ವೆರಿಗಳನ್ನೆಲ್ಲ ಒಂದೇ ಸಲ ಕೇಳಲಿ, ಕಂತಿನಲ್ಲಿ ಬೇಡ. ಮೇಲ್ಮನವಿ ಕೇಳುವ ಸಮಿತಿಯ ಗಾದಿಯಲ್ಲಿ ಟ್ರಸ್ಟಿನವರೂ ಬೇಡ, ಆಸ್ಪತ್ರೆಯವರೂ ಬೇಡ. ನಿವೃತ್ತ ನ್ಯಾಯಾಧೀಶರೊಬ್ಬರು, ಸರ್ಕಾರಿ ವೈದ್ಯಕೀಯ ಕಾಲೇಜಿನ ಒಬ್ಬ ಪ್ರಾಧ್ಯಾಪಕರು ಸಾಕು. ಮತ್ತು ಪ್ರತಿ ಜಿಲ್ಲೆಯಲ್ಲಿ ಎಷ್ಟು ಬಿಲ್ಲು ತಿರಸ್ಕೃತ, ಎಷ್ಟಕ್ಕೆ ಮೇಲ್ಮನವಿ, ಎಷ್ಟು ತಿರುಗಿದವು ಎಂಬ ಮೂರು ಅಂಕಿಗಳನ್ನು ತಿಂಗಳಿಗೊಮ್ಮೆ ಆಸ್ಪತ್ರೆಯ ಗೋಡೆಗೂ ಜಿಲ್ಲಾಧಿಕಾರಿ ಕಚೇರಿಯ ಗೋಡೆಗೂ ಅಂಟಿಸಲಿ. ಸುಳ್ಳು ಬಿಲ್ಲು ಹಾಕಿದ ಆಸ್ಪತ್ರೆಯ ಹೆಸರನ್ನೂ ಅದೇ ಗೋಡೆಗೆ, ದಪ್ಪ ಅಕ್ಷರದಲ್ಲಿ. ಮೂರನೇ ಅಂಕಿ ಎರಡನೆಯದಕ್ಕೆ ಹತ್ತಿರವಾದ ಜಿಲ್ಲೆಯಲ್ಲಿ ತಪ್ಪು ಮಾಡುತ್ತಿರುವವರು ಯಾರೆಂದು ಬೀಡಿ ಸೇದುವವನಿಗೂ ತಿಳಿಯುತ್ತದೆ.

ತಡಕ್ಕೆ ದಂಡ ಬೇಕಲ್ಲವೇ ಎಂದು ಕೇಳುವವರಿಗೆ ಹೇಳಬೇಕು, ಆ ಕಾನೂನು ನಮ್ಮಲ್ಲೇ ಸಿದ್ಧವಿದೆ. 2011ರ ಸಕಾಲ ಕಾಯ್ದೆ. ಜಾತಿ ಪ್ರಮಾಣಪತ್ರವೋ ಆದಾಯ ಪತ್ರವೋ ಹೇಳಿದ ದಿನಕ್ಕೆ ಕೊಡದಿದ್ದರೆ ನಾಗರಿಕನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಆಸ್ಪತ್ರೆಯ ಬಿಲ್ಲಿಗೂ ಇದನ್ನೇ ಅನ್ವಯಿಸಿ ಎಂದು ನಾನು ಸರ್ಕಾರವನ್ನು ಈ ಮೂಲಕ ಪ್ರಾರ್ಥಿಸುತ್ತೇನೆ, ಭಕ್ತಿ ಪಂಥದಲ್ಲಿಯೇ ಪ್ರಾರ್ಥಿಸುತ್ತೇನೆ. ಒಂದೇ ಒಂದು ಸಣ್ಣ ತೊಡಕಿದೆ. ಆ 20 ರೂಪಾಯಿ ತಾನಾಗಿ ಬರುವುದಿಲ್ಲ. ಅದು ಬೇಕಾದರೆ ಕಾಯ್ದೆಯ ಪ್ರಕಾರ ಮೊದಲು ಒಂದು ಮೇಲ್ಮನವಿ ಹಾಕಬೇಕು.